ತೂಗುದೀಪವೂ ಹಳೆಯ ಮುಚ್ಚಿಗೆಯೂ

ರಮಝಾನ್ ಸಮೀಪಿಸಿತೆಂದರೆ ನಮ್ಮ ಮಸೀದಿಗಳಿಗೆ ಸುಣ್ಣಬಣ್ಣವಾಗುತ್ತದೆ, ಜಮಖಾನೆಗಳು ಬದಲಾಗುತ್ತವೆ, ಕೆಟ್ಟ ಫ್ಯಾನುಗಳು ರಿಪೇರಿಗೆ ಹೋಗುತ್ತವೆ. ಉರೂಸಿನ ಹೊತ್ತಿಗೆ ದರ್ಗಾಗಳಲ್ಲಿ, ಜಾತ್ರೆಯ ಹೊತ್ತಿಗೆ ಮಠ-ಗುಡಿಗಳಲ್ಲಿ ನಡೆಯುವುದೂ ಇದೇ ಸಡಗರ. ಇತ್ತೀಚೆಗೆ ಈ ಪಟ್ಟಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಝುಂಬರ. ಊರು ಬಿಟ್ಟು ಹೋಗಿ ನಾಲ್ಕು ಕಾಸು ಕಂಡ ದಾನಿಯೊಬ್ಬರು ಮುಂದೆ ಬರುತ್ತಾರೆ. ಹಿತ್ತಾಳೆಯದೋ ಗಾಜಿನದೋ ಭಾರೀ ಗೊಂಚಲು ದೀಪ ಪೆಟ್ಟಿಗೆಯಲ್ಲಿ ಬಂದಿಳಿಯುತ್ತದೆ. ಮಾರನೆಯ ದಿನ ಡ್ರಿಲ್ಲಿಂಗ್ ಮಶೀನು ಹಿಡಿದ ಹುಡುಗ ಏಣಿ ಹತ್ತುತ್ತಾನೆ.

ಕಟ್ಟಡ ಹೊಸದಾದರೆ ಚಿಂತೆಯಿಲ್ಲ. ಆದರೆ ವಿಜಯಪುರ ನಗರದ ಗಲ್ಲಿಗಳಲ್ಲಿ, ಟಿಕೋಟಾ ಮತ್ತು ಬಬಲೇಶ್ವರದ ಕಡೆಯ ಹಳೆಯ ಊರುಗಳಲ್ಲಿ ಏಣಿ ತಾಗುವುದು ಗಾರೆಯ ಗುಮ್ಮಟಕ್ಕೋ, ಹೂಬಳ್ಳಿ ಕೆತ್ತಿದ ಕಟ್ಟಿಗೆಯ ಮುಚ್ಚಿಗೆಗೋ ಆಗಿರುತ್ತದೆ. ಅಲ್ಲಿ ಕೊರೆಯುವ ಒಂದು ತೂತು ಏನೇನನ್ನು ಕೆಡಿಸಬಲ್ಲದು, ಅದರ ಕೆಳಗೆ ಸಾಲು ಹಿಡಿದು ನಿಲ್ಲುವವರಿಗೆ ಏನಾಗಬಹುದು ಎಂಬುದನ್ನು ಯೋಚಿಸುವವರು ಕಡಿಮೆ. ಇದನ್ನು ಬರಿಯ ಎಲೆಕ್ಟ್ರಿಶಿಯನ್ನನ ಕೆಲಸವೆಂದು ನಾವು ತಿಳಿದಿದ್ದೇವೆ. ಇದಕ್ಕೆ ಒಂದು ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ನಮ್ಮ ಊರಿನಲ್ಲಿಯೇ ಕಲ್ಲು ಗಾರೆಗಳ ರೂಪದಲ್ಲಿ ನಿಂತಿದೆ.

ಅಪಾಯ ಕಲ್ಪನೆಯದಲ್ಲ. 2015ರ ಆಗಸ್ಟ್ ತಿಂಗಳಲ್ಲಿ ಆಗ್ರಾದ ತಾಜಮಹಲಿನ ಮಹಾದ್ವಾರದಲ್ಲಿ ತೂಗುತ್ತಿದ್ದ ಸುಮಾರು 60 ಕಿಲೋ ತೂಕದ ತಾಮ್ರದ ದೀಪ ಕಳಚಿ ನೆಲಕ್ಕೆ ಬಿತ್ತು. ಲಾರ್ಡ್ ಕರ್ಜನ್ನನ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಮೇಲ್ಪಟ್ಟು, ಅದು ಅಲ್ಲಿ ತೂಗಿತ್ತು. ದಿನಕ್ಕೆ ಸಾವಿರಾರು ಜನ ಹಾದುಹೋಗುವ ಬಾಗಿಲು ಅದು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ದೇವರ ದಯೆ. ಪುರಾತತ್ವ ಇಲಾಖೆಯ ಕಾವಲಿರುವ, ಜಗತ್ತೇ ನೋಡುವ ಕಟ್ಟಡದಲ್ಲಿ ಹೀಗಾದರೆ, ವರ್ಷಕ್ಕೊಮ್ಮೆಯೂ ಯಾರೂ ತಲೆಯೆತ್ತಿ ಕೊಂಡಿಯನ್ನು ನೋಡದ ನಮ್ಮ ಕಟ್ಟಡಗಳ ಗತಿಯೇನು?

ಮುಚ್ಚಿಗೆಯ ವಿಷಯವೆತ್ತಿದ ಮೇಲೆ ಇಬ್ರಾಹಿಂ ರೋಜಾಕ್ಕೆ ಹೋಗದೆ ದಾರಿಯಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಹನ ರಾಣಿ ತಾಜ್ ಸುಲ್ತಾನಾಳಿಗಾಗಿ ಎತ್ತಿದ ಕಟ್ಟಡ ಅದು. ಮಲಿಕ್ ಸಂದಲನ ಮೇಲ್ವಿಚಾರಣೆಯಲ್ಲಿ 1626ರಲ್ಲಿ ಮುಗಿಯಿತು. ಮರುವರ್ಷವೇ ತೀರಿಕೊಂಡ ಸುಲ್ತಾನನೂ ಅಲ್ಲಿಯೇ ಮಣ್ಣಾದ. ಗೋರಿಗಳಿರುವ ಒಳಕೋಣೆ ನಾಲ್ಕೂ ಕಡೆ ಸುಮಾರು 40 ಅಡಿ. ತಲೆಯೆತ್ತಿದರೆ ಮೇಲೆ ಗುಮ್ಮಟ ಕಾಣುವುದಿಲ್ಲ, ಕಲ್ಲಿನ ಮುಚ್ಚಿಗೆ ಕಾಣುತ್ತದೆ. ನಾಲ್ಕೂ ಗೋಡೆಗಳಿಂದ ಸುಮಾರು ಹತ್ತು ಹತ್ತು ಅಡಿ ಒಳಕ್ಕೆ ಬಾಗಿ ಬಂದ ಅಂಚು. ನಡುವೆ ಅಂಗೈಯಂತೆ ಸಪಾಟಾದ ಕಲ್ಲು. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ, ಕಮಾನಿಲ್ಲ. ಊರವರು ಇದನ್ನು ತೂಗುವ ಛತ್ತು ಎನ್ನುವುದು ಸುಮ್ಮನೆ ಅಲ್ಲ.

ಭಾರತದ ವಾಸ್ತುಶಿಲ್ಪದ ಬಗ್ಗೆ 1876ರಲ್ಲಿ ದೊಡ್ಡ ಗ್ರಂಥ ಬರೆದ ಜೇಮ್ಸ್ ಫರ್ಗುಸನ್ ಈ ಮುಚ್ಚಿಗೆಯ ಮುಂದೆ ಬೆರಗಾದ. ಇದು ಹೇಗೆ ನಿಂತಿದೆ ಎಂಬ ಒಗಟು ಬಿಡಿಸಬೇಕಾದರೆ ಈ ನಾಡಿನವರು ಗಾರೆಯ ದಪ್ಪ ರಾಶಿಯನ್ನು ಬಳಸುತ್ತಿದ್ದ ಬಗೆ ತಿಳಿದಿರಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ಮುಂದೆ ಇಲ್ಲಿಯ ಕಟ್ಟಡಗಳನ್ನು ಒಂದೊಂದಾಗಿ ಅಳೆದು, ನಕ್ಷೆ ತೆಗೆದು, 1916ರಲ್ಲಿ ಗ್ರಂಥ ಹೊರತಂದ ಹೆನ್ರಿ ಕಸಿನ್ಸ್ ಕೂಡ ಗಾರೆಯ ಬಿಗಿಯನ್ನೇ ಎತ್ತಿ ಹೇಳುತ್ತಾನೆ. ಕಲ್ಲಿನ ಹಾಸುಗಳು ಅಂಚಿಗೆ ಅಂಚು ತಾಗಿ ಕೂತಿವೆ. ಅವುಗಳ ನಡುವಿನ ಸುಣ್ಣದ ಗಾರೆ ಎಷ್ಟು ಬಿಗಿಯಾಗಿ ಕಚ್ಚಿದೆಯೆಂದರೆ ಬಿಡಿಬಿಡಿ ಕಲ್ಲುಗಳು ಹೋಗಿ ಒಂದೇ ಹಲಗೆಯಂತಾಗಿವೆ. ಆ ಮುಚ್ಚಿಗೆಗೂ ಮೇಲಿನ ಗುಮ್ಮಟಕ್ಕೂ ನಡುವೆ ಇನ್ನೊಂದು ಕೋಣೆಯೇ ಇದೆ. ಗೋಡೆಯ ದಪ್ಪದೊಳಗಿನ ಇಕ್ಕಟ್ಟಾದ ಕತ್ತಲ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಇಂಥ ಮುಚ್ಚಿಗೆ ಕಟ್ಟಿದವರು ಬೆಳಕನ್ನು ಎಲ್ಲಿಂದ ತಂದರು? ನಡುನೆತ್ತಿಯಿಂದ ತೂಗಿಬಿಟ್ಟ ದೀಪವನ್ನು ಅವರು ನೆಚ್ಚಲಿಲ್ಲ. ಬಾಗಿಲು ಕಿಟಕಿಗಳ ಮೇಲ್ಭಾಗದ ಕಲ್ಲನ್ನು ಅರಬಿ ಅಕ್ಷರಗಳ ಆಕಾರದಲ್ಲಿ ಕೊರೆದು ಜಾಲಂಧ್ರ ಮಾಡಿದರು. ಹೊರಗಿನ ಬಿಸಿಲು ಅಕ್ಷರಗಳ ಸಂದಿನಿಂದ ಸೋಸಿ ಒಳಗೆ ಬರುತ್ತದೆ. ಅಲ್ಲಾಹನನ್ನು ಆಕಾಶ ಭೂಮಿಗಳ ಬೆಳಕೆಂದು ಕರೆದು, ಆ ಬೆಳಕನ್ನು ಗೂಡಿನಲ್ಲಿಟ್ಟ ಗಾಜಿನ ಹಣತೆಗೆ ಹೋಲಿಸುವ ಸೂರಃ ನೂರ್‌ನ ಪ್ರಸಿದ್ಧ ವಚನವನ್ನು ಬಲ್ಲವರಿಗೆ ಈ ಏರ್ಪಾಡಿನ ಸೊಗಸು ಬೇರೆ ವಿವರಿಸಬೇಕಿಲ್ಲ. ಗೋಡೆಯೇ ದೀಪವಾದ ಮೇಲೆ ಮುಚ್ಚಿಗೆಗೆ ಕೊಂಡಿ ಯಾಕೆ?

ಹಾಗೆಂದು ತೂಗುವ ಕಲೆ ಅವರಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ. ಅದೇ ಜಗತಿಯ ಮೇಲೆ ರೋಜಾಕ್ಕೆ ಎದುರಾಗಿ ನಿಂತ ಮಸೀದಿಯ ಚಾಚುಮಾಡಿನ ಕೆಳಗೆ ಕಲ್ಲಿನ ಸರಪಳಿಗಳು ತೂಗುತ್ತವೆ. ಒಂದೇ ಕಲ್ಲಿನಲ್ಲಿ ಕೊಂಡಿಯೊಳಗೆ ಕೊಂಡಿ ಬಿಡಿಸಿದ ಕೆಲಸ, ಬೆಸುಗೆಯಿಲ್ಲ, ಸೇರ್ಪಡೆಯಿಲ್ಲ. ಗೋಲಗುಂಬಜದ ಪ್ರವೇಶದ ಮೇಲೂ ಸರಪಳಿಯಿಂದ ತೂಗಿಬಿಟ್ಟ ಒಂದು ಕಲ್ಲಿದೆ. ಸಿಡಿಲು ಬಡಿಯದಿರಲೆಂದು ಕಟ್ಟಿದ್ದೆಂದು ಜನ ನಂಬಿದ ಬಿಜಲಿ ಪತ್ಥರ್ ಅದು. ಕಲ್ಲಿಗೆ ಎಳೆತ ತಾಳುವ ಶಕ್ತಿ ಕಡಿಮೆ ಎಂಬುದನ್ನು ಈ ಕಲ್ಲುಕುಟಿಗರು ನಮಗಿಂತ ಚೆನ್ನಾಗಿ ಬಲ್ಲವರು. ಆದ್ದರಿಂದಲೇ ಕಲ್ಲಿನ ಸರಪಳಿಗೆ ತನ್ನ ಭಾರವನ್ನಷ್ಟೇ ಹೊರಿಸಿದರು.

ಈ ಕೈಚಳಕದ ಬೇರು ಇನ್ನೂ ಹಿಂದಕ್ಕಿದೆ. ಬೇಲೂರಿನ ಭುವನೇಶ್ವರಿಯಿಂದ ಕೆಳಗಿಳಿಯುವ ಕಮಲದ ಮೊಗ್ಗು, ಸೋಮನಾಥಪುರದ ದೇಗುಲದ ಮುಚ್ಚಿಗೆಗಳಲ್ಲಿ ಬಾಳೆಯ ಮೂತಿಯಂತೆ ಇಳಿಬಿದ್ದ ಕಲ್ಲುಗಳು ಇವೆಲ್ಲ ಕನ್ನಡ ನಾಡಿನ ಶಿಲ್ಪಿಗಳು ಕಲ್ಲನ್ನು ತೂಗಿಸಿದ ಪರಿಯೇ. ಅಲ್ಲಿ ತೂಗುವ ವಸ್ತುವೂ ಮುಚ್ಚಿಗೆಯೂ ಬೇರೆಬೇರೆಯಲ್ಲ. ಮೊಗ್ಗು ಮುಚ್ಚಿಗೆಯ ಒಂದು ಅಂಗ. ಕಟ್ಟುವಾಗಲೇ ಅದರ ಭಾರವನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಯಾರೋ ಮುನ್ನೂರು ವರ್ಷದ ನಂತರ ಬಂದು ನೇತುಹಾಕಿದ್ದಲ್ಲ.

ತೂಗುವ ಭಾರ ಶತ್ರುವೇ ಆಗಬೇಕೆಂದಿಲ್ಲ ಎಂಬುದಕ್ಕೆ ಗೋಲಗುಂಬಜವೇ ಸಾಕ್ಷಿ. ಒಳಗಿನ ಅಡ್ಡಳತೆ 124 ಅಡಿ ದಾಟುವ ಆ ಗುಮ್ಮಟದ ತಳ ಹೊರಕ್ಕೆ ಒದೆಯುತ್ತಿರುತ್ತದೆ. ಗೋಡೆಗಳನ್ನು ಹೊರಕ್ಕೆ ತಳ್ಳುವ ಆ ಒತ್ತಡಕ್ಕೆ ಎದುರು ಕೊಟ್ಟದ್ದು ಯಾವುದು? ಒಂದನ್ನೊಂದು ಕತ್ತರಿಸಿ ಮೇಲೇರುವ ಕಮಾನುಗಳು ಮೂಲೆಗಳಿಂದ ಒಳಕ್ಕೆ ಚಾಚಿ ಬರುತ್ತವೆ. ಹೀಗೆ ಒಳಕ್ಕೆ ಜೋತುಬಿದ್ದ ಗಾರೆ-ಕಲ್ಲಿನ ಭಾರೀ ತೂಕವೇ ಹೊರಗಿನ ಒದೆತವನ್ನು ಎಳೆದು ಹಿಡಿದಿದೆ ಎಂದು ಕಸಿನ್ಸ್ ವಿವರಿಸುತ್ತಾನೆ. ಪ್ರವಾಸಿಗರು ಪಿಸುಮಾತು ಕೇಳಲು ಮುಗಿಬೀಳುವ ಮೊಗಸಾಲೆ ಇರುವುದು ಆ ಚಾಚಿನ ಮೇಲೆಯೇ. ಪ್ರತಿಧ್ವನಿಗೆ ಕೂಗು ಹಾಕುವವರಲ್ಲಿ ನೂರಕ್ಕೆ ಒಬ್ಬರಾದರೂ ತಾವು ನಿಂತ ನೆಲ ಯಾಕೆ ಅಷ್ಟು ದಪ್ಪವಾಗಿದೆಯೆಂದು ಕೇಳಿದರೆ ಈ ಊರಿನ ಗೌಂಡಿಗಳ ಋಣ ಸ್ವಲ್ಪ ತೀರೀತು.

ಕಲ್ಲಿನ ಮಾತು ಹೀಗೆ. ಕಟ್ಟಿಗೆಯ ಮುಚ್ಚಿಗೆಗಳ ಕತೆ ಬೇರೆ. ಗಗನ ಮಹಲಿನಲ್ಲಿ ಇಂದು ನಿಂತಿರುವುದು ಸುಮಾರು 60 ಅಡಿ ಅಗಲದ ನಡುಗಮಾನು ಮತ್ತು ಕಲ್ಲುಗೋಡೆಗಳು ಮಾತ್ರ. 1561ರ ಆ ಅರಮನೆಯ ಮರದ ಕೆಲಸವೆಲ್ಲ ಹೋಗಿಬಿಟ್ಟಿದೆ. ಕಟ್ಟಿಗೆಯ ವೈಭವವನ್ನು ಊಹಿಸಬೇಕಾದರೆ ಅಸರ್ ಮಹಲಿಗೆ ಹೋಗಬೇಕು. ಮುಹಮ್ಮದ್ ಆದಿಲಶಹ ಸುಮಾರು 1646ರಲ್ಲಿ ನ್ಯಾಯಸ್ಥಾನವೆಂದು ಕಟ್ಟಿಸಿದ ದಾದ್ ಮಹಲು, ಆಮೇಲೆ ಪ್ರವಾದಿ ಮುಹಮ್ಮದರ (ಸ) ಪವಿತ್ರ ಕೇಶವನ್ನು ಇರಿಸಿದ್ದರಿಂದ ಅಸರ್ ಮಹಲಾಯಿತು. ಎದುರಿನ ಮೊಗಸಾಲೆಯ ಛಾವಣಿಯನ್ನು ಹೊತ್ತದ್ದು ನಾಲ್ಕು ಬೃಹತ್ತಾದ ಮರದ ಕಂಬಗಳು. ಮೇಲೆ ಅಂಕಣ ಅಂಕಣವಾಗಿ ಬಿಡಿಸಿದ, ಬಣ್ಣ ತುಂಬಿದ ಮರದ ಮುಚ್ಚಿಗೆ. ಒಳಕೋಣೆಗಳಲ್ಲಿ ಹೂದಾನಿ, ಹೂಬಳ್ಳಿ, ಚಿನ್ನದ ಲೇಪ. ಮುಂದೆ ದೊಡ್ಡ ಕೊಳ. ಬೆಳಗಿನ ಬಿಸಿಲು ನೀರಿಗೆ ಬಿದ್ದರೆ ಆ ಹೊಳಪು ಕೆಳಗಿನಿಂದ ಮೇಲಕ್ಕೆ, ಮುಚ್ಚಿಗೆಗೆ ಹೋಗಿ ಮುಟ್ಟಬೇಕು. ಇಂಥ ಮುಚ್ಚಿಗೆಗಳ ತೆಳುವಾದ ಕೆತ್ತನೆ, ಬಣ್ಣ ಎಲ್ಲ ಕೆಳಗಿನಿಂದ ಅಥವಾ ಮಗ್ಗುಲಿನಿಂದ ಬರುವ ಮಂದ ಬೆಳಕಿಗೆ ಅರಳುವಂಥವು. ಸಮೀಪದಿಂದ ನೂರು ಬಲ್ಬು ಉರಿದರೆ ಅವು ಕಣ್ಣಿಗೆ ಕಾಣುವುದೇ ಇಲ್ಲ, ದೀಪ ಮಾತ್ರ ಕಾಣುತ್ತದೆ.

ಹಾಗಾದರೆ ಈ ಝುಂಬರ ಬಂದದ್ದು ಯಾವಾಗ? ಮಸೀದಿಗಳಲ್ಲಿ ದೀಪ ತೂಗಿಸುವುದು ಬಹಳ ಹಳೆಯ ರೂಢಿಯೇ. ಈಜಿಪ್ತಿನ ಮಮ್ಲೂಕ್ ಸುಲ್ತಾನರ ಕಾಲದ ಮೀನಾಕಾರಿಯ ಗಾಜಿನ ದೀಪಗಳು ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿವೆ. ಇಸ್ತಾಂಬುಲಿನ ಮಸೀದಿಗಳಲ್ಲಿ ಗುಮ್ಮಟದಿಂದ ಉದ್ದನೆಯ ಸರಪಳಿಗಳು ಇಳಿದು, ತಲೆಯ ಮೇಲೆ ಸ್ವಲ್ಪವೇ ಎತ್ತರದಲ್ಲಿ ಬಳೆಯಾಕಾರದ ದೀಪದ ಚೌಕಟ್ಟುಗಳನ್ನು ಹಿಡಿದಿರುತ್ತವೆ. ಮುಚ್ಚಿಗೆಯನ್ನು ಬೆಳಗುವುದಕ್ಕಲ್ಲ, ನಮಾಜಿಗೆ ನಿಂತವರಿಗೂ ಕುರ್‌ಆನ್ ಓದುವವರಿಗೂ ಕಾಣಲೆಂದು. ಆ ಬಿಡಿ ಹಣತೆಗಳು ಹಗುರ, ಕೊಂಡಿಗಳು ಗುಮ್ಮಟದ ಜೊತೆಗೇ ಹುಟ್ಟಿದವು, ಭಾರ ಹತ್ತಾರು ಸರಪಳಿಗಳಲ್ಲಿ ಹಂಚಿಹೋಗಿರುತ್ತದೆ. ನಮ್ಮ ಕಡೆಯೂ ಗೋಡೆಯ ಗೂಡಿನಲ್ಲಿ ಹಣತೆ, ನೆಲದ ಮೇಲೆ ಶಮೆ, ಹೆಚ್ಚೆಂದರೆ ತೊಲೆಯಿಂದ ಇಳಿಬಿಟ್ಟ ಗಾಜಿನ ಹಂಡೆದೀಪ. ಅದರ ಭಾರ ಎರಡು ಮೂರು ಕಿಲೋ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೀಮಿಯಾದ ಗಾಜು, ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯ ಸ್ಫಟಿಕದ ಝುಂಬರಗಳು ಹಡಗಿನಲ್ಲಿ ಬಂದಿಳಿದವು. ಆಸ್ಲರ್‌ನವರು ಕಲ್ಕತ್ತೆಯಲ್ಲಿಯೇ ಅಂಗಡಿ ತೆರೆದರು. ರಾಜರು, ನವಾಬರು, ಜಹಗೀರದಾರರು, ದೇಸಾಯರು ಕೊಂಡರು. ಆಗ ಮೊದಲ ಬಾರಿಗೆ ನಮ್ಮ ಛಾವಣಿಗಳಿಗೆ ಒಂದೇ ಬಿಂದುವಿನಲ್ಲಿ ಮಣಭಾರ ಬಿತ್ತು. 1874ರಲ್ಲಿ ಮುಗಿದ ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ ಎರಡು ಝುಂಬರಗಳಿವೆ. ಒಂದೊಂದೂ ಮೂರೂವರೆ ಟನ್ ತೂಗುತ್ತದೆಂದು ಹೇಳುತ್ತಾರೆ. ಅವನ್ನು ಏರಿಸುವ ಮುಂಚೆ ಛಾವಣಿಯ ಮೇಲೆ ಆನೆಗಳನ್ನು ಹತ್ತಿಸಿ ಪರೀಕ್ಷೆ ಮಾಡಿದರೆಂಬ ಕತೆ ಎಲ್ಲ ಗೈಡುಗಳ ಬಾಯಲ್ಲೂ ಇದೆ. ಕತೆ ನಿಜವೋ ಸುಳ್ಳೋ, ಅದರೊಳಗೊಂದು ವಿವೇಕವಿದೆ: ದೀಪಕ್ಕಿಂತ ಮೊದಲು ಛಾವಣಿಯನ್ನು ಕೇಳಬೇಕು. ಆದರೆ ಆನೆ ಮೇಲಿನಿಂದ ಅದುಮುತ್ತದೆ, ದೀಪ ಕೆಳಗಿನಿಂದ ಎಳೆಯುತ್ತದೆ. ಕೊಂಡಿ ತೊಲೆಯನ್ನು ದಾಟಿ ಮೇಲೆ ಹೋಗಿ ಕೂತಿದ್ದರೆ ಮಾತ್ರ ಆನೆಯ ಪರೀಕ್ಷೆಗೆ ಅರ್ಥ. ಮುಚ್ಚಿಗೆಯ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ ಕೊಂಡಿಯಾದರೆ ನೂರು ಆನೆ ಓಡಾಡಿದರೂ ದೀಪದ ಭರವಸೆ ಸಿಗದು.

ಈ ಅದುಮು-ಎಳೆತಗಳ ಭೇದವೇ ಇಡೀ ವಿಷಯದ ತಿರುಳು. ಟಿಕೋಟಾ, ಬಬಲೇಶ್ವರದ ಕಡೆಯ ಹಳೆಯ ವಾಡೆಯೊಂದರ ಪಡಸಾಲೆಯನ್ನು ತೆಗೆದುಕೊಳ್ಳಿ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲದರ ಮೇಲೆ ಮಣ್ಣಿನ ದಪ್ಪ ಹೊದಿಕೆ. ಹತ್ತಡಿ ಅಗಲ, ಹದಿನೈದಡಿ ಉದ್ದದ ಪಡಸಾಲೆಯ ಮೇಲೆ ಒಂದಡಿ ಮಣ್ಣು ಇದ್ದರೆ 150 ಘನ ಅಡಿ ಆಯಿತು. ಘನ ಅಡಿಗೆ 45 ಕಿಲೋದಂತೆ ಹಿಡಿದರೂ ಆರೇಳು ಸಾವಿರ ಕಿಲೋ. ಅಷ್ಟನ್ನು ತಲೆತಲಾಂತರದಿಂದ ಹೊತ್ತ ಮಾಳಿಗೆಗೆ ಐವತ್ತು ಕಿಲೋ ಝುಂಬರ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಒಟ್ಟು ಭಾರದ ಲೆಕ್ಕದಲ್ಲಿ ಅವರ ಮಾತು ಸರಿಯೇ. ಆದರೆ ಮಣ್ಣಿನ ಭಾರ ಹಲಗೆಯನ್ನು ಜಂತಿಗೆ, ಜಂತಿಯನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ ಒತ್ತಿ ಕೂರಿಸುತ್ತದೆ. ಝುಂಬರ ಹಾಗಲ್ಲ. ಕೆಳಗಿನಿಂದ ಅಲಂಕಾರಕ್ಕೆ ಹೊಡೆದ ಕೆತ್ತನೆಯ ಹಲಗೆಯಿಂದ ಅದನ್ನು ತೂಗಿಸಿದರೆ, ಆ ಹಲಗೆಯನ್ನು ಹಿಡಿದ ಸಣ್ಣ ಮೊಳೆಗಳನ್ನು ಹಗಲೂ ರಾತ್ರಿ ಹೊರಕ್ಕೆ ಎಳೆಯುತ್ತಿರುತ್ತದೆ. ಗಾಳಿಗೆ, ಫ್ಯಾನಿನ ನಡುಕಕ್ಕೆ, ರಸ್ತೆಯ ಲಾರಿಯ ಅದುರಿಗೆ ಮೊಳೆ ದಿನಕ್ಕೆ ಕೂದಲೆಳೆಯಷ್ಟು ಸಡಿಲಾಗುತ್ತದೆ. ಬೀಳುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಈ ಮನೆಗಳಲ್ಲಿ ತೂಗಿದ ಅತ್ಯಂತ ಬೆಲೆಬಾಳುವ ವಸ್ತು ಝುಂಬರವಲ್ಲ, ತೊಟ್ಟಿಲು. ತೊಟ್ಟಿಲು ಕಟ್ಟುವ ಅಜ್ಜಿ ಎಂದಾದರೂ ಮುಚ್ಚಿಗೆಯ ಹಲಗೆಗೆ ಮೊಳೆ ಹೊಡೆಸಿದ್ದುಂಟೇ? ಹಗ್ಗವನ್ನು ತೊಲೆಯ ಮೇಲಿನಿಂದ ಸುತ್ತಿ ತರುತ್ತಿದ್ದಳು, ಇಲ್ಲವೆ ತೊಲೆಗೇ ಹಾಕಿದ ಕಬ್ಬಿಣದ ಬಳೆಗೆ ಕಟ್ಟುತ್ತಿದ್ದಳು. ಮೊದಲು ತಾನೇ ಹಗ್ಗ ಹಿಡಿದು ಜಗ್ಗಿ ನೋಡಿ, ಆಮೇಲೆ ಕೂಸನ್ನು ಮಲಗಿಸುತ್ತಿದ್ದಳು. ನಾಲ್ಕು ಜನ ದೊಡ್ಡವರು ಕೂತು ಜೀಕುವ ತೂಗುಮಂಚಕ್ಕೂ ಇದೇ ನೀತಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವುದೂ ಬೇರೆ ಏನಲ್ಲ.

ಗಾರೆ-ಕಲ್ಲಿನ ಗುಮ್ಮಟದ ಸಂಗತಿ ಇನ್ನೂ ಸೂಕ್ಷ್ಮ. ಸುಣ್ಣದ ಗಾರೆ ಅದುಮಿದಷ್ಟೂ ತಾಳುತ್ತದೆ, ಎಳೆದರೆ ಸೋಲುತ್ತದೆ. ಕಂಪಿಸುವ ಡ್ರಿಲ್ಲು ತಾಗಿದರೆ ತೂತಿನ ಸುತ್ತ ಗಿಲಾವು ಗೋಡೆಯಿಂದ ಬಿಟ್ಟು ಪೊಳ್ಳಾಗುತ್ತದೆ. ಬೆರಳಿನಿಂದ ತಟ್ಟಿದರೆ ಮಡಕೆಯ ಸದ್ದು ಬರುತ್ತದೆ. ಅಲ್ಲಿ ಕಬ್ಬಿಣದ ಬೋಲ್ಟು ತುರುಕಿ ಸಿಮೆಂಟು ತುಂಬಿದರೆ ಮುಂದಿನ ಅನಾಹುತಕ್ಕೆ ಬೀಜ ಬಿತ್ತಿದಂತೆ. ಮಳೆಗಾಲದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಸುತ್ತಲಿನ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಹಿಂದಿನವರು ಕಲ್ಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಸೀಸ ಕಾಸಿ ಎರೆಯುತ್ತಿದ್ದುದು ಈ ಕಾರಣಕ್ಕೆ.

ಇಲ್ಲಿ ಕರ್ಜನ್ನನ ಪ್ರಸ್ತಾಪ ಮತ್ತೆ ಬರುತ್ತದೆ. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷರು ಹೊಸ ಕಟ್ಟಡ ಕಟ್ಟುವ ಬದಲು ಆದಿಲಶಾಹಿ ಕಟ್ಟಡಗಳಲ್ಲಿಯೇ ಬಿಡಾರ ಹೂಡಿದರು. ಮಹಲುಗಳು ಕಚೇರಿಯಾದವು, ಸಾಹೇಬರ ಬಂಗಲೆಗಳಾದವು. ಒಂದು ಮಸೀದಿ ಪ್ರವಾಸಿ ಬಂಗಲೆಯಾಯಿತು, ಇನ್ನೊಂದು ಅಂಚೆ ಕಚೇರಿ. ಕಚೇರಿಯೆಂದ ಮೇಲೆ ಎಳೆಪಂಖಕ್ಕೆ, ದೀಪಕ್ಕೆ ಕೊಂಡಿ ಬಿದ್ದಿರಲೇಬೇಕು. ವೈಸರಾಯ್ ಕರ್ಜನ್ ಬಿಜಾಪುರದ ಆ ಮಸೀದಿಯಿಂದ ಬಂಗಲೆಯನ್ನೂ ಇನ್ನೊಂದರಿಂದ ಅಂಚೆ ಕಚೇರಿಯ ಅವಶೇಷವನ್ನೂ ತೆಗೆಸಿಹಾಕಿದೆನೆಂದು, 1904ರ ಪ್ರಾಚೀನ ಸ್ಮಾರಕ ಕಾಯಿದೆಯ ಚರ್ಚೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ. ಬಂಗಾಳವನ್ನು ಒಡೆದ ಕರ್ಜನ್ನನ ಮೇಲೆ ನಮಗೆ ಯಾವ ಮಮಕಾರವೂ ಇಲ್ಲ. ಆದರೆ ಈ ಒಂದು ಕೆಲಸದ ಋಣವನ್ನು ಬಿಜಾಪುರ ಅಲ್ಲಗಳೆಯಲಾಗದು. ಅದೇ ಕರ್ಜನ್ 1905ರಲ್ಲಿ ಹುದ್ದೆ ಬಿಟ್ಟ ಬಳಿಕ, ಕೈರೋದ ಹಳೆಯ ಮಸೀದಿ ದೀಪದ ಮಾದರಿಯಲ್ಲಿ ಒಂದು ದೀಪ ಮಾಡಿಸಿ ತಾಜಮಹಲಿನ ಗೋರಿಗಳ ಮೇಲೆ ತೂಗಲು ಕಳಿಸಿದ. ಎರಡೂ ಒಬ್ಬನದೇ ಕೆಲಸ: ಬಿಜಾಪುರದಲ್ಲಿ ಪರಕೀಯ ವಸ್ತುಗಳನ್ನು ಕಿತ್ತು ಹಾಕಿಸಿದ್ದು, ಆಗ್ರಾದಲ್ಲಿ ಒಂದನ್ನು ತಾನೇ ನೇತುಹಾಕಿಸಿದ್ದು. ಸುಂದರವಾದ ವಸ್ತುವನ್ನು ಸುಂದರವಾದ ಮುಚ್ಚಿಗೆಗೆ ತೂಗಿಬಿಡಬೇಕೆಂಬ ಚಪಲ ದೊಡ್ಡವರನ್ನೂ ಬಿಟ್ಟಿಲ್ಲ.

ಸಂರಕ್ಷಿತ ಸ್ಮಾರಕಗಳ ಮಾತು ಸರಳ. 1958ರ ಕೇಂದ್ರ ಕಾಯಿದೆಯಡಿ, ಇಲ್ಲವೆ ರಾಜ್ಯದ 1961ರ ಕಾಯಿದೆಯಡಿ ಸೇರಿದ ಕಟ್ಟಡಕ್ಕೆ ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಹೊಡೆಯಬೇಕೆನ್ನುವವರು ಇಲಾಖೆಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ಚಿಂತೆ ಇರುವುದು ಯಾವ ಪಟ್ಟಿಯಲ್ಲೂ ಸೇರದ ಓಣಿ ಮಸೀದಿ, ಚಿಕ್ಕ ದರ್ಗಾ, ಮಠದ ಪಡಸಾಲೆ, ವಾಡೆಗಳ ಬಗ್ಗೆ. ಅಲ್ಲಿ ಮುತವಲ್ಲಿ, ಜಮಾಅತಿನ ಹಿರಿಯರು, ಮಠದ ಸ್ವಾಮಿಗಳು, ಮನೆಯ ಯಜಮಾನರೇ ಪುರಾತತ್ವ ಇಲಾಖೆ.

ಅವರು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮೊದಲ ಕೆಲಸ ಕೆಳಗಿನಿಂದ ಕೊರೆಯುವುದಲ್ಲ, ಮೇಲೆ ಹತ್ತಿ ನೋಡುವುದು. ಮಾಳಿಗೆಯ ಮಣ್ಣನ್ನು ಒಂದು ಕಡೆ ಬಿಡಿಸಿದರೆ ತೊಲೆ ಎಲ್ಲಿದೆ, ಎತ್ತ ಹಾಯ್ದಿದೆ ಎಂಬುದು ತಿಳಿಯುತ್ತದೆ. ತೊಲೆಯ ನಡು ಗಟ್ಟಿಯಿದ್ದರೂ ಗೋಡೆಯೊಳಗೆ ಹೂತ ತುದಿಗಳಿಗೆ ಗೆದ್ದಲು ಹಿಡಿದಿರುತ್ತದೆ. ಮಳೆನೀರು ಇಳಿಯುವುದು ಅಲ್ಲಿಯೇ. ಊರಿನ ಹಳೆಯ ಬಡಿಗ ಉಳಿಯ ಹಿಡಿಯಿಂದ ತಟ್ಟಿ ಸದ್ದಿನಲ್ಲೇ ಹೇಳಿಬಿಡುತ್ತಾನೆ. ತೊಲೆ ಗಟ್ಟಿಯೆಂದಾದರೆ ಎರಡು ತೊಲೆಗಳ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿಯನ್ನೋ ಗಟ್ಟಿ ಮರವನ್ನೋ ಕೂರಿಸಿ, ಅದರಿಂದ ತುಕ್ಕು ಹಿಡಿಯದ ಉಕ್ಕಿನ ಸರಳೊಂದನ್ನು ಎರಡು ಹಲಗೆಗಳ ಸಂದಿನಲ್ಲಿ ಕೆಳಗಿಳಿಸಬಹುದು. ಕೆತ್ತನೆಗೆ ಸರಳು ತಾಗಲೂ ಬಾರದು. ಹಾಗೆ ಮಾಡಿದಾಗ ಭಾರ ಮತ್ತೆ ಮೇಲಿನಿಂದ ಅದುಮುವ ಭಾರವೇ ಆಗುತ್ತದೆ. ತೊಲೆಗೆ ಅದರ ಅಭ್ಯಾಸವಿದೆ. ದೀಪ ಏರಿಸುವ ಮುಂಚೆ ಅದರ ಎರಡರಷ್ಟು ತೂಕದ ಮರಳು ಚೀಲಗಳನ್ನು ಒಂದೆರಡು ದಿನ ಅದೇ ಸರಳಿಗೆ ಕಟ್ಟಿ, ಕೆಳಗೆ ಯಾರನ್ನೂ ಬಿಡದೆ ಕಾದು ನೋಡಬೇಕು. ದೀಪಕ್ಕೊಂದು ಎರಡನೆಯ ತಂತಿ ಹಗ್ಗ, ಅದೂ ಬೇರೆ ತೊಲೆಗೆ, ಇರಲೇಬೇಕು. ಮೊದಲ ಕೊಂಡಿ ಕೈಕೊಟ್ಟರೆ ಹಿಡಿಯುವುದು ಅದು.

ಹಳೆಯ ಹಂಡೆದೀಪದ ಕೊಂಡಿ ಹೇಗೂ ಇದೆಯಲ್ಲ, ಅದಕ್ಕೇ ಸಿಕ್ಕಿಸಿದರಾಯಿತು ಎನ್ನುವುದು ಎಲ್ಲಕ್ಕಿಂತ ಅಪಾಯದ ಮಾತು. ಎರಡು ಕಿಲೋಗೆಂದು ಹಾಕಿದ ಕೊಂಡಿ ಅದು. ನೂರು ವರ್ಷದ ತುಕ್ಕು ಬೇರೆ. ಗಾರೆಯ ಗುಮ್ಮಟಕ್ಕೆ, ಕಲ್ಲಿನ ಮುಚ್ಚಿಗೆಗೆ ಭಾರೀ ದೀಪ ಬೇಡವೇ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಎಲ್‌ಇಡಿ ಬಂದ ಮೇಲೆ ಬೆಳಕಿಗೆ ಭಾರ ಬೇಕಿಲ್ಲ. ಗೋಡೆಯ ಗೂಡುಗಳಲ್ಲಿ, ಮೊದಲು ಹಣತೆ ಇಡುತ್ತಿದ್ದ ಅದೇ ಜಾಗದಲ್ಲಿ, ಅಂಗೈಯಗಲದ ದೀಪಗಳನ್ನು ಮೇಲ್ಮುಖವಾಗಿ ಇಟ್ಟರೆ ಗುಮ್ಮಟದ ಗಾರೆಕೆಲಸ ಬೆಳಗುತ್ತದೆ, ಕೆಳಗೆ ನಿಂತವರ ಕಣ್ಣಿಗೂ ತಂಪು. ತಂತಿಯನ್ನು ಗೋಡೆ ಕೊರೆಯದೆ ಬುಡದಲ್ಲೇ ಒಯ್ಯಬಹುದು. ದಾನಿಗೆ ಬೇಸರವಾದೀತೆಂಬ ಅಂಜಿಕೆ ಸಹಜ. ಆದರೆ ದಾನ ಮಾಡಿದವರ ಹೆಸರಿನ ದೀಪ ನಮಾಜಿನ ಸಾಲಿನ ಮೇಲೆ ಬಿದ್ದರೆ ಆ ಹೆಸರಿಗೆ ಬರುವ ಮಸಿಯನ್ನು ಯಾರು ತೊಳೆಯುತ್ತಾರೆ?

ಝುಂಬರ ಆಗಲೇ ಬಂದು ಪೆಟ್ಟಿಗೆಯಲ್ಲಿ ಕೂತಿದೆ, ವಾಪಸು ಕೊಡುವಂತಿಲ್ಲ ಎನ್ನುವ ಜಮಾಅತುಗಳೂ ಇವೆ. ಬಹುತೇಕ ಹಳೆಯ ಮಸೀದಿಗಳ ಮುಂದೆ ಈಗ ಜನಕ್ಕೆ ಜ಼ಾಗ ಸಾಲದೆಂದು ಹೊಸ ಸ್ಲಾಬಿನ ಭಾಗವೊಂದನ್ನು ಸೇರಿಸಿರುತ್ತಾರೆ, ಇಲ್ಲವೆ ಸೇರಿಸುವ ಯೋಚನೆಯಲ್ಲಿರುತ್ತಾರೆ. ಅಲ್ಲಿ ಕಾಂಕ್ರೀಟು ಸುರಿಯುವ ಮುಂಚೆಯೇ ಕೊಂಡಿಯನ್ನು ಸರಳುಗಳ ಜಾಲಕ್ಕೆ ಬಿಗಿದು ಕಟ್ಟಿಬಿಟ್ಟರೆ ದೀಪ ಅಲ್ಲಿ ನಿಶ್ಚಿಂತೆಯಿಂದ ತೂಗುತ್ತದೆ. ಸ್ಲಾಬು ಹಾಕುವ ದಿನ ಇಂಜಿನಿಯರರಿಗೆ ದೀಪದ ತೂಕವನ್ನು ಬರೆದು ಕೊಟ್ಟಿದ್ದರೆ ಸಾಕು.